ಪೆಟ್ಟಿಗೆ ಮನೆಯಲ್ಲಿ ಬಿಟ್ಟು ರೇಡಿಯೋಗೆ ಹೋದ ತಾತ: ಹಳೇ ರೇಡಿಯೋ, ಸಿನಿಮಾ ಆನ್‌ಲೈನ್ ಸಂಗ್ರಹಗಳನ್ನು ಬಳಸಿ ನೋಡಿದ್ದು

ನನ್ನ ತಾತ ನಾಟಕ ಕಂಪನಿಯ ಪೆಟ್ಟಿಗೆ ಮೇಷ್ಟ್ರು, ಅಂದರೆ ಹಾರ್ಮೋನಿಯಂ ನುಡಿಸುವವರು. ಕಾಲಲ್ಲಿ ತಿದಿ ಒತ್ತುತ್ತಾ ಎರಡೂ ಕೈಯಲ್ಲಿ ನುಡಿಸುವ ಕಾಲು ಹಾರ್ಮೋನಿಯಂ ಕಂಪನಿಯದು, ಮನೆಯಲ್ಲಿದ್ದ ಕೈಪೆಟ್ಟಿಗೆ ಅವರ ಸ್ವಂತದ್ದು. 1952ರ ಸುಮಾರಿಗೆ ಅವರು ಮೈಸೂರು ಆಕಾಶವಾಣಿಯಲ್ಲಿ ಕಾರ್ಯಕ್ರಮ ಕೊಟ್ಟಿದ್ದರು ಅನ್ನುವುದು ನಮ್ಮ ಮನೆಯಲ್ಲಿ ನಡೆದುಬಂದ ಮಾತು. ಅಮ್ಮನಿಗೆ ಆಗ ಒಂಬತ್ತು ವರ್ಷ. ತಾತ ಅವತ್ತು ಮಧ್ಯಾಹ್ನವೇ ಸ್ನಾನ ಮುಗಿಸಿ, ಕರೀ ಕೋಟು ತೊಟ್ಟು, ಪೇಟ ಸುತ್ತಿಕೊಂಡು ಹೊರಟಿದ್ದು ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಜೊತೆಗೆ ಇನ್ನೊಂದು ನೆನಪು. "ಪೆಟ್ಟಿಗೆ ತಗೊಂಡು ಹೋಗಲಿಲ್ಲ ಕಣೇ. ಗೋಡೆ ಪಕ್ಕ ಬಟ್ಟೆ ಹೊದಿಸಿ ಇಟ್ಟು ಹೋದ್ರು. ಯಾಕಪ್ಪಾ ಅಂತ ಕೇಳಿದೆ, ಮಾತೇ ಆಡಲಿಲ್ಲ."

ಈ ನೆನಪನ್ನೇ ಹಿಡಿದು ನನ್ನ ಸೋದರಮಾವ ಒಂದು ವಾದ ಹೂಡುತ್ತಿದ್ದರು. "ಆ ಕಾಲಕ್ಕೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನುಡಿಸೋ ಹಾಗೇ ಇರಲಿಲ್ಲ. ಪೆಟ್ಟಿಗೆ ಬಿಟ್ಟು ಪೆಟ್ಟಿಗೆ ಮೇಷ್ಟ್ರು ಅಲ್ಲಿ ಹೋಗಿ ಏನು ಮಾಡ್ತಾರೆ? ನಿಮ್ಮ ತಾತ ಯಾರದೋ ಕಾರ್ಯಕ್ರಮ ನೋಡೋಕೆ ಹೋಗಿರಬೇಕು." ಪ್ರತಿ ಮದುವೆ ಮನೆಯಲ್ಲೂ ಈ ಮಾತು ಬರುತ್ತಿತ್ತು. ಅಮ್ಮ ಎದ್ದು ಅಡುಗೆಮನೆ ಕಡೆಗೆ ಹೋಗಿಬಿಡುತ್ತಿದ್ದಳು.

ನನ್ನ ಕೆಲಸ ಕರಡು ತಿದ್ದುವುದು. ಮೈಸೂರಿನಲ್ಲೇ ಪುಸ್ತಕ, ಅಭಿನಂದನ ಗ್ರಂಥಗಳ ಕರಡು ನೋಡಿಕೊಂಡು ಹತ್ತೊಂಬತ್ತು ವರ್ಷ ಆಯಿತು. ಕಳೆದ ಹದಿನಾಲ್ಕು ತಿಂಗಳು ರಾತ್ರಿ ಊಟವಾದ ಮೇಲೆ ಒಂದೊಂದು ಗಂಟೆ ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಆನ್‌ಲೈನ್ ಸಂಗ್ರಹಗಳಲ್ಲಿ ಹುಡುಕಿದ್ದೇನೆ. ಹಳೇ ಸಿನಿಮಾ, ರೇಡಿಯೋ, ಟೀವಿ ಬಗ್ಗೆ ಕೆಲಸ ಮಾಡುವ ಯಾರಿಗಾದರೂ ನನ್ನಷ್ಟು ಸಮಯ ಹಾಳಾಗದಿರಲಿ ಅಂತ, ಯಾವುದು ಹೇಗಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಹೆಸರಿಸುವ ಎಲ್ಲವೂ ಉಚಿತ. ದುಡ್ಡು ಕೊಟ್ಟು ಸೇರುವ ಒಂದು ಹಳೇ ಪತ್ರಿಕೆಗಳ ತಾಣಕ್ಕೂ ಸೇರಿದ್ದೆ. ಒಂದು ತಿಂಗಳಿಗೆ ಅಂತ ಕಟ್ಟಿದ ದುಡ್ಡು ನಾಲ್ಕು ತಿಂಗಳು ಖಾತೆಯಿಂದ ತಾನೇ ಕಡಿತವಾಯಿತು, ನಿಲ್ಲಿಸಲು ಎಲ್ಲಿ ಒತ್ತಬೇಕು ಅನ್ನುವುದೇ ಸಿಗಲಿಲ್ಲ. ಅಷ್ಟು ಕೊಟ್ಟರೂ ಮೈಸೂರಿನ ಬಗ್ಗೆ ಎರಡು ಸಾಲು ಸಿಕ್ಕಿರಲಿಲ್ಲ. ದುಡ್ಡು ಕಟ್ಟುವ ಮುನ್ನ ಉಚಿತವಾದವನ್ನೆಲ್ಲ ನೋಡಿ ಮುಗಿಸಿ.

ಮೊದಲ ಸ್ಥಾನ ನನ್ನ ಮಟ್ಟಿಗೆ ಇಂಟರ್ನೆಟ್ ಆರ್ಕೈವ್‌ಗೆ. 1996ರಲ್ಲಿ ಬ್ರೂಸ್ಟರ್ ಕೇಲ್ ಶುರು ಮಾಡಿದ, ಲಾಭದ ಉದ್ದೇಶವಿಲ್ಲದ ಗ್ರಂಥಾಲಯ ಇದು. ಸಾಮಾನ್ಯವಾಗಿ ಜನ ಇದನ್ನು ಹಳೇ ವೆಬ್‌ಸೈಟ್ ನೋಡಲು ಬಳಸುತ್ತಾರೆ, ಆದರೆ ನಮಗೆ ಬೇಕಾದದ್ದು ಇದರ ಪುಸ್ತಕ, ಪತ್ರಿಕೆ, ಧ್ವನಿಗಳ ಕಪಾಟು. ಅಲ್ಲಿ "ದಿ ಇಂಡಿಯನ್ ಲಿಸನರ್" ಅನ್ನುವ ಪತ್ರಿಕೆಯ ಹಳೇ ಸಂಚಿಕೆಗಳಿವೆ. ಮೊದಲು "ಇಂಡಿಯನ್ ರೇಡಿಯೋ ಟೈಮ್ಸ್" ಎಂಬ ಹೆಸರಿನಲ್ಲಿ ಬರುತ್ತಿದ್ದುದು 1935ರ ಡಿಸೆಂಬರ್ 22ರಿಂದ ಈ ಹೆಸರು ತಳೆಯಿತು. ಆಲ್ ಇಂಡಿಯಾ ರೇಡಿಯೋದ ಅಧಿಕೃತ ಕಾರ್ಯಕ್ರಮ ಪತ್ರಿಕೆ. 1958ರ ಜನವರಿಯಿಂದ ಇದರ ಹೆಸರು "ಆಕಾಶವಾಣಿ" ಅಂತ ಬದಲಾಯಿತು. ಯಾವ ನಿಲಯದಿಂದ, ಯಾವ ದಿನ, ಎಷ್ಟು ಗಂಟೆಗೆ, ಯಾರು ಹಾಡಿದರು, ಯಾರು ಮಾತಾಡಿದರು ಅನ್ನುವುದು ರೈಲ್ವೆ ವೇಳಾಪಟ್ಟಿಯ ಹಾಗೆ ಸಣ್ಣ ಅಚ್ಚಿನಲ್ಲಿ, ಕಂಬ ಕಂಬವಾಗಿ (ಕಾಲಂಗಳಾಗಿ) ಕೂತಿದೆ. ಧ್ವನಿ ಹೋಗಿದೆ, ಪಟ್ಟಿ ಉಳಿದಿದೆ. ರೇಡಿಯೋ ಬಗ್ಗೆ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ.

ಇದೇ ಪತ್ರಿಕೆ "ವರ್ಲ್ಡ್ ರೇಡಿಯೋ ಹಿಸ್ಟರಿ" ಎಂಬ ತಾಣದಲ್ಲೂ ಇದೆ. ಅಮೆರಿಕದ ಹಳೇ ರೇಡಿಯೋ ಪತ್ರಿಕೆಗಳೇ ಅದರ ತುಂಬ. ನೋಡಲು ಇಪ್ಪತ್ತು ವರ್ಷದ ಹಿಂದಿನ ವೆಬ್‌ಸೈಟಿನ ಹಾಗಿದೆ, ಒಂದೊಂದು ಪಿಡಿಎಫ್ ಭಾರೀ ಗಾತ್ರದ್ದು. ನನ್ನ ಫೋನಿನಲ್ಲಿ ತೆರೆದರೆ ಫೋನ್ ಬಿಸಿಯಾಗಿ ನಿಂತುಬಿಡುತ್ತಿತ್ತು. ಕಂಪ್ಯೂಟರ್ ಇದ್ದರೆ ಮಾತ್ರ ಅಲ್ಲಿಗೆ ಹೋಗಿ. ಆರ್ಕೈವ್‌ನಲ್ಲಿ ಹಾಗಲ್ಲ, ಪುಟ ಮಗುಚುವ ಓದುಗ ಇದೆ, ಒಂದೇ ಪುಟವನ್ನು ಹಿಗ್ಗಿಸಿ ನೋಡಬಹುದು, ಸಂಚಿಕೆಯ ಒಳಗೆ ಪದ ಹುಡುಕಬಹುದು.

ಪದ ಹುಡುಕುವುದು ಅಂದೆನಲ್ಲ, ನನ್ನ ಹದಿನಾಲ್ಕು ತಿಂಗಳಲ್ಲಿ ಒಂಬತ್ತು ತಿಂಗಳು ಹಾಳಾದದ್ದು ಇಲ್ಲೇ. ನಾನು ಹುಡುಕುತ್ತಿದ್ದದ್ದು ಇಂದಿನ ಪದಗಳಲ್ಲಿ. ಪತ್ರಿಕೆ ಇರುವುದು ಅಂದಿನ ಪದಗಳಲ್ಲಿ. ಮೂವತ್ತು ನಲವತ್ತರ ದಶಕದ ಇಂಗ್ಲಿಷ್ ಪತ್ರಿಕೆಗಳಲ್ಲಿ "ಕನ್ನಡ" ಅಂತ ಹುಡುಕಿದರೆ ಎಷ್ಟೋ ಸಲ ಏನೂ ಬರುವುದಿಲ್ಲ. ಅವರು ಬರೆಯುತ್ತಿದ್ದದ್ದು "ಕ್ಯಾನರೀಸ್". ಅದರಲ್ಲೂ ಇಂಗ್ಲಿಷಿನ "ಸಿ"ಯಿಂದ ಒಂದು, "ಕೆ"ಯಿಂದ ಒಂದು. ಈ ಎರಡು ಕಾಗುಣಿತ ಹಾಕಿದ ರಾತ್ರಿ ನನ್ನ ಪರದೆಯ ಮೇಲೆ ಫಲಿತಾಂಶಗಳು ಒಮ್ಮೆಲೇ ಉದುರಿದವು. ಮೈಸೂರು ಅಂದರೆ ಮೈಸೋರ್, ಧಾರವಾಡ ಅಂದರೆ ಕೊನೆಗೆ "ಡಿ" ಇಲ್ಲದ ಧಾರ್ವಾರ್. ಆಕಾಶವಾಣಿಗೆ ಇಂಗ್ಲಿಷಿನಲ್ಲಿ "ವಿ" ಹಾಕಿದವರುಂಟು, "ಡಬ್ಲ್ಯೂ" ಹಾಕಿದವರುಂಟು, ನಡುವೆ ಒಂದು "ಎ" ಸೇರಿಸಿದವರುಂಟು. ಐವತ್ತರ ನಂತರದ ಸಂಚಿಕೆಗಳಿಗೆ ಬಂದರೆ "ಕನ್ನಡ" ಎಂಬ ಪದವೇ ಸಿಗತೊಡಗುತ್ತದೆ. ಹುಡುಕುವ ಮುಂಚೆ ಒಂದು ಕಾಗದ ತೆಗೆದುಕೊಂಡು, ನಿಮಗೆ ಬೇಕಾದ ಪ್ರತಿ ಹೆಸರನ್ನೂ ಆ ಕಾಲದ ಇಂಗ್ಲಿಷ್ ಗುಮಾಸ್ತ ಹೇಗೆ ಬರೆದಿರಬಹುದು ಅಂತ ಬರೆದುಕೊಳ್ಳಿ. ತಾತನ ಹೆಸರಿಗೆ ನಾನು ಹನ್ನೊಂದು ಕಾಗುಣಿತ ಬರೆದುಕೊಂಡಿದ್ದೆ.

ಹನ್ನೊಂದರಲ್ಲೂ ಸಿಗಲಿಲ್ಲ. ಆಮೇಲೆ ಕಾರಣ ಗೊತ್ತಾಯಿತು. ಅಚ್ಚಾದ ಪುಟವನ್ನು ಯಂತ್ರ ಓದಿ ಪಠ್ಯವಾಗಿ ಪರಿವರ್ತಿಸುವಾಗ ಸಣ್ಣ ಅಚ್ಚು, ಇಕ್ಕಟ್ಟಿನ ಕಂಬ, ಹಿಂಬದಿಯಿಂದ ಮೂಡಿದ ಮಸಿ ಎಲ್ಲ ಸೇರಿ ಅಕ್ಷರಗಳು ಏನೇನೋ ಆಗಿಬಿಡುತ್ತವೆ. ಸಾಲು ಸಾಲದೆ ಹೆಸರನ್ನು ಅರ್ಧಕ್ಕೆ ಮುರಿದು ಕೆಳಗೆ ಹಾಕಿದ್ದರಂತೂ ಯಂತ್ರಕ್ಕೆ ಅದು ಹೆಸರೇ ಅಲ್ಲ. ಕರಡು ತಿದ್ದುವವಳಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಆಮೇಲೆ ಹೆಸರು ಬಿಟ್ಟೆ, ವಿಷಯ ಹಿಡಿದೆ. 1951ರಿಂದ 1953ರವರೆಗೆ ಸಿಕ್ಕಷ್ಟು ಸಂಚಿಕೆ ತೆಗೆದು, ಮೈಸೂರು ನಿಲಯದ ಕಂಬವನ್ನು ಮಾತ್ರ ಕಣ್ಣಲ್ಲೇ ಓದುತ್ತಾ ಹೋದೆ. ಒಂದು ಸಂಚಿಕೆಗೆ ಹದಿನೈದು ನಿಮಿಷ.

ಹಾಗೆ ಓದುತ್ತಿದ್ದಾಗಲೇ ಹಾರ್ಮೋನಿಯಂ ಕಥೆಯೂ ಬಿಡಿಸಿಕೊಂಡಿತು. ಸೋದರಮಾವ ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್ 1ರಿಂದ ಹಾರ್ಮೋನಿಯಂ ಅನ್ನು ನಿಷೇಧಿಸಿತ್ತು. ಅದಕ್ಕೂ ಮುಂಚೆ, 1938ರಲ್ಲಿ, ಇದೇ ಇಂಡಿಯನ್ ಲಿಸನರ್‌ನಲ್ಲಿ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತ ರಚನಕಾರ ಹಾರ್ಮೋನಿಯಂ ವಿರುದ್ಧ ಲೇಖನ ಬರೆದಿದ್ದ. ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದವನು ಅವನು. ಹಾರ್ಮೋನಿಯಂ ವಿರೋಧಿಗಳ ವಾದ ಸರಳ: ಒಂದೊಂದು ಕೀಗೂ ಒಂದೊಂದು ಸ್ವರ ಕಟ್ಟಿಹಾಕಿದ ಈ ಪೆಟ್ಟಿಗೆಯಲ್ಲಿ ನಮ್ಮ ಶ್ರುತಿಯ ಸೂಕ್ಷ್ಮ ಬರುವುದಿಲ್ಲ, ಗಮಕ ಬರುವುದಿಲ್ಲ. 1940ರ ಜನವರಿಯಲ್ಲಿ ರವೀಂದ್ರನಾಥ ಟ್ಯಾಗೋರರೂ ಕಲ್ಕತ್ತಾ ನಿಲಯಕ್ಕೆ ಪತ್ರ ಬರೆದು ನಿಷೇಧದ ಪರ ನಿಂತರು. ಆ ನಿಷೇಧ ಸಡಿಲವಾಗಿದ್ದು 1971ರಲ್ಲಿ. ಮೂವತ್ತು ವರ್ಷ ಈ ದೇಶದ ಪೆಟ್ಟಿಗೆ ಮೇಷ್ಟ್ರುಗಳಿಗೆ ರೇಡಿಯೋ ಬಾಗಿಲು ಮುಚ್ಚಿತ್ತು. ನಾಟಕ ಕಂಪನಿಯ ಇಡೀ ಸಂಗೀತ ನಿಂತಿದ್ದೇ ಆ ಪೆಟ್ಟಿಗೆಯ ಮೇಲೆ. ಇದನ್ನು ಓದಿದಾಗ ನನಗೆ ಸಿಟ್ಟು ಬಂತು, ಈಗಲೂ ಇದೆ.

ಆದರೆ ಮೈಸೂರಿನ ಆಕಾಶವಾಣಿ ಹುಟ್ಟಿದ್ದು ಸರ್ಕಾರದ ರೇಡಿಯೋ ಆಗಿ ಅಲ್ಲ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ "ವಿಠಲ ವಿಹಾರ"ದಲ್ಲೇ ಅದನ್ನು ಶುರು ಮಾಡಿದರು. ಆಮೇಲೆ ಮೈಸೂರು ಸಂಸ್ಥಾನ ವಹಿಸಿಕೊಂಡಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋಗೆ ಸೇರಿತು, 1955ರ ನವೆಂಬರ್‌ನಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಅಂದರೆ ತಾತ ಹೋದ 1952ಕ್ಕೆ ನಿಲಯ ಮೈಸೂರಿನಲ್ಲೇ ಇತ್ತು, ನಿಯಮ ಮಾತ್ರ ದೆಹಲಿಯದು. ಪೆಟ್ಟಿಗೆ ಯಾಕೆ ಮನೆಯಲ್ಲೇ ಉಳಿಯಿತು ಅನ್ನುವುದಕ್ಕೆ ಉತ್ತರ ಇಲ್ಲೇ ಸಿಕ್ಕಿತ್ತು. ಹಾಗಾದರೆ ಅವರು ಅಲ್ಲಿ ಮಾಡಿದ್ದೇನು?

ಅದು ಸಿಗುವ ಮುಂಚೆ ನಾನು ಸುತ್ತಿದ ಬೇರೆ ಕಡೆಗಳ ಬಗ್ಗೆ ಹೇಳಿಬಿಡುತ್ತೇನೆ.

ಸಿನಿಮಾ ಬೇಕಾದವರು ನೇರ "ಇಂಡಿಯನ್‌ಸಿನೆ.ಮಾ"ಗೆ ಹೋಗಿ. 2013ರಲ್ಲಿ ಶುರುವಾದ ತಾಣ, ಅದನ್ನು ಕಟ್ಟಿದ ಗುಂಪಿನಲ್ಲಿ ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ ಕೂಡ ಇತ್ತು. ಆಶಿಶ್ ರಾಜಾಧ್ಯಕ್ಷ ಮತ್ತು ಪಾಲ್ ವಿಲೆಮೆನ್ ಅವರ ಭಾರತೀಯ ಸಿನಿಮಾ ವಿಶ್ವಕೋಶ ಇದರ ಬುನಾದಿ. ಭಾಷೆ ಕನ್ನಡ ಅಂತ ಆರಿಸಿ, ವರ್ಷದ ಪ್ರಕಾರ ಜೋಡಿಸಿದರೆ ನಮ್ಮ ಚಿತ್ರರಂಗ ಮೊದಲಿನಿಂದ ಸಾಲಾಗಿ ನಿಲ್ಲುತ್ತದೆ. ಇಲ್ಲಿ ನನಗೆ ತುಂಬಾ ಹಿಡಿಸಿದ್ದು ಸಿನಿಮಾವನ್ನು ತೋರಿಸುವ ಕ್ರಮ. ಪ್ರತಿ ಸಿನಿಮಾದ ಕೆಳಗೆ ಒಂದು ಉದ್ದನೆಯ ಪಟ್ಟಿ ಇರುತ್ತದೆ, ಇಡೀ ಸಿನಿಮಾದ ಚೌಕಟ್ಟುಗಳನ್ನು ಸಣ್ಣದಾಗಿ ಹಿಂಡಿ ಒಂದರ ಪಕ್ಕ ಒಂದು ಇಟ್ಟ ಹಾಗೆ. ಫಾಲ್ಕೆಯವರ 1913ರ "ರಾಜಾ ಹರಿಶ್ಚಂದ್ರ" ತೆರೆದು ಆ ಪಟ್ಟಿ ನೋಡಿದೆ. ಬಿಳುಪು, ಕಪ್ಪು, ನಡುವೆ ಬರಹದ ಫಲಕ ಬಂದಲ್ಲಿ ಒಂದು ಗೆರೆ, ಮತ್ತೆ ಬೂದು. ಸೀರೆಯ ಸೆರಗನ್ನು ಬಿಡಿಸಿ ಹಾಸಿದಂತೆ ಇತ್ತು. ಬೇಕಾದ ಜಾಗದ ಮೇಲೆ ಒತ್ತಿದರೆ ಅಲ್ಲಿಂದಲೇ ಓಡುತ್ತದೆ, ಆ ಕ್ಷಣಕ್ಕೆ ಯಾರಾದರೂ ಟಿಪ್ಪಣಿ ಬರೆದಿದ್ದರೆ ಅದು ಪಕ್ಕದಲ್ಲಿ ಬರುತ್ತದೆ. ಸಿನಿಮಾ ಪಾಠ ಹೇಳುವ ಮೇಷ್ಟ್ರುಗಳು ಇದನ್ನು ಬಳಸದಿದ್ದರೆ ನಷ್ಟ ಮಕ್ಕಳದು.

ಎಲ್ಲ ಸಿನಿಮಾಕ್ಕೂ ಚಿತ್ರ ಇರುವುದಿಲ್ಲ, ಮಾಹಿತಿ ಮಾತ್ರ ಇರುವ ಪುಟಗಳು ಬಹಳ. ನಮ್ಮ ಕಾನೂನಿನಲ್ಲಿ ಸಿನಿಮಾ ಮತ್ತು ಧ್ವನಿಮುದ್ರಣದ ಹಕ್ಕು, ಬಿಡುಗಡೆಯಾದ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ ಇರುತ್ತದೆ, ಹೊಸ ಸಿನಿಮಾಗಳು ಇಲ್ಲದಿರುವುದಕ್ಕೆ ಅದು ಕಾರಣ. ಹಳೆಯವು ಇಲ್ಲದಿರುವುದಕ್ಕೆ ಕಾರಣ ಬೇರೆ. "ಸತಿ ಸುಲೋಚನಾ" ಕನ್ನಡದ ಮೊದಲ ವಾಕ್ಚಿತ್ರ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಚಿತ್ರೀಕರಣ ಆದದ್ದು ಕೊಲ್ಹಾಪುರದಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ನಾಟಕ ಕಂಪನಿಯ ಜನರೇ ಸೇರಿ ಕಟ್ಟಿದ ಸಿನಿಮಾ, ನಮ್ಮ ತಾತನ ಕಾಲದ ಕಂಠಗಳು ಇದ್ದ ಸಿನಿಮಾ, ಈಗ ಹೆಸರುಗಳ ಪಟ್ಟಿ ಮಾತ್ರ. ರೇಡಿಯೋ ಕಥೆಯೂ ಇದೇ ಅಲ್ಲವೇ ಅಂತ ಅವತ್ತು ರಾತ್ರಿ ಕಂಪ್ಯೂಟರ್ ಮುಚ್ಚಿ ಸುಮ್ಮನೆ ಕೂತಿದ್ದೆ.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಮೂಕಿಚಿತ್ರಗಳ ಬಹುಪಾಲು ಹಾಳಾಗಿ ಹೋಗಿತ್ತು. ಪಿ.ಕೆ. ನಾಯರ್ ಊರೂರು ಸುತ್ತಿ ಕೂಡಿಹಾಕಿದ್ದರಿಂದ ಇಷ್ಟಾದರೂ ಇದೆ. ಆದರೆ ಮನೆಯಲ್ಲಿ ಕೂತು ನೋಡುವ ವಿಷಯಕ್ಕೆ ಬಂದರೆ ಅಲ್ಲಿಂದ ಸಿಗುವುದು ಕಡಿಮೆ, ನಿಜವಾದ ಕೆಲಸಕ್ಕೆ ಪುಣೆಗೇ ಹೋಗಬೇಕು.

"ಲ್ಯಾಂಟರ್ನ್" ಎಂಬುದು ಅಮೆರಿಕದ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯ ಹುಡುಕು ಸಾಧನ. ಹಳೇ ಸಿನಿಮಾ, ರೇಡಿಯೋ ಪತ್ರಿಕೆಗಳ ಲಕ್ಷಾಂತರ ಪುಟಗಳ ಒಳಗೆ ಒಂದೇ ಸಲಕ್ಕೆ ಪದ ಹುಡುಕುತ್ತದೆ, ಸಿಕ್ಕ ಪುಟದ ಚಿತ್ರವನ್ನೇ ಪಕ್ಕದಲ್ಲಿ ತೋರಿಸುತ್ತದೆ. ಹುಡುಕುವ ಸುಖಕ್ಕೆ ಇದರಷ್ಟು ಚೆನ್ನಾಗಿರುವುದು ಬೇರೆ ಇಲ್ಲ. ಬಾಬುರಾವ್ ಪಟೇಲ್ 1935ರಲ್ಲಿ ಮುಂಬೈಯಲ್ಲಿ ಶುರು ಮಾಡಿದ "ಫಿಲ್ಮ್‌ಇಂಡಿಯಾ" ಸಂಚಿಕೆಗಳು ಇಲ್ಲಿವೆ. ಹಿಂದಿ ಸಿನಿಮಾ ಕೆಲಸ ಮಾಡುವವರಿಗೆ ಹಬ್ಬ. ಕನ್ನಡದವರು ತಾಳ್ಮೆಯಿಂದ ಹೆಕ್ಕಬೇಕು, ಬೆಂಗಳೂರಿನ ಚಿತ್ರಮಂದಿರದ ಸುದ್ದಿ, ದಕ್ಷಿಣದ ಸ್ಟುಡಿಯೋ ಜಾಹೀರಾತು ಹೀಗೆ.

"ಬಿಬಿಸಿ ಜೀನೋಮ್" ನನ್ನ ಕೆಲಸಕ್ಕೆ ಒದಗಲಿಲ್ಲ, ಆದರೂ ಎಲ್ಲರೂ ಒಮ್ಮೆ ನೋಡಲೇಬೇಕು. 1923ರಿಂದ 2009ರವರೆಗಿನ "ರೇಡಿಯೋ ಟೈಮ್ಸ್" ಪತ್ರಿಕೆಯ ಕಾರ್ಯಕ್ರಮ ಪಟ್ಟಿಯನ್ನು ಅವರು ಪುಟವಾಗಿ ಇಟ್ಟಿಲ್ಲ, ಒಂದೊಂದು ಕಾರ್ಯಕ್ರಮವನ್ನೂ ಬಿಡಿಸಿ ಬೇರೆ ಬೇರೆ ನಮೂದು ಮಾಡಿದ್ದಾರೆ. ದಿನಾಂಕ ಹಾಕಿದರೆ ಆ ದಿನ ಬೆಳಗಿನಿಂದ ರಾತ್ರಿವರೆಗೆ ಏನೇನು ಬಂತು ಅನ್ನುವುದು ಕಣ್ಣ ಮುಂದೆ. ಯಂತ್ರ ತಪ್ಪಾಗಿ ಓದಿದ ಹೆಸರನ್ನು ಓದುಗರೇ ತಿದ್ದಿ ಕಳಿಸಬಹುದು. ಇಂಡಿಯನ್ ಲಿಸನರ್‌ಗೆ ಯಾರಾದರೂ ಇಷ್ಟು ಮಾಡಿದ್ದರೆ ನಾನು ಹದಿನಾಲ್ಕು ತಿಂಗಳು ಹುಡುಕಬೇಕಿರಲಿಲ್ಲ, ಹದಿನಾಲ್ಕು ನಿಮಿಷ ಸಾಕಿತ್ತು. ಕರಡು ತಿದ್ದಲು ಜನ ಬೇಕಿದ್ದರೆ ನಾನು ಮೊದಲು ಹೆಸರು ಕೊಡುತ್ತೇನೆ.

ಕನ್ನಡ ಪುಸ್ತಕಗಳಲ್ಲಿ ಹುಡುಕುವವರಿಗೆ ಎರಡು ಮಾತು. ಆರ್ಕೈವ್‌ನಲ್ಲಿ "ಸರ್ವೆಂಟ್ಸ್ ಆಫ್ ನಾಲೆಡ್ಜ್" ಎಂಬ ಸಂಗ್ರಹದಲ್ಲಿ ಬೆಂಗಳೂರಿನಲ್ಲೇ ಸ್ಕ್ಯಾನ್ ಮಾಡಿದ ಸಾವಿರಾರು ಕನ್ನಡ ಪುಸ್ತಕಗಳಿವೆ. ಅವುಗಳ ಗುಣಮಟ್ಟ ಬಹಳ ಚೆನ್ನಾಗಿದೆ, ಹೆಸರೂ ಸರಿಯಾಗಿರುತ್ತದೆ. ಅದೇ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಹಳೇ ಸ್ಕ್ಯಾನ್‌ಗಳಾದರೆ ಶೀರ್ಷಿಕೆಯನ್ನು ವಿಚಿತ್ರ ರೋಮನ್ ಲಿಪಿಯಲ್ಲಿ, ಅಕ್ಷರಗಳ ನಡುವೆ ಚುಕ್ಕೆ ಕೊಂಬು ಹಾಕಿ ಬರೆದಿರುತ್ತಾರೆ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಅವು ಸಿಗುವುದೇ ಇಲ್ಲ. ಲೇಖಕರ ಹೆಸರಿನ ಒಂದು ತುಂಡನ್ನು ರೋಮನ್‌ನಲ್ಲಿ ಹಾಕಿ ನೋಡಿ. ಕನ್ನಡ ಪಠ್ಯದ ಯಂತ್ರ ಓದು ಮೊದಲಿಗಿಂತ ಸುಧಾರಿಸಿದೆ, ಆದರೂ ಒತ್ತಕ್ಷರ ಒಡೆಯುತ್ತದೆ, ಅರ್ಕಾವೊತ್ತು ಜಾರುತ್ತದೆ. ಒತ್ತಿಲ್ಲದ ಪದ ಆರಿಸಿಕೊಂಡು ಹುಡುಕಿದರೆ ಸಿಗುವ ಸಾಧ್ಯತೆ ಹೆಚ್ಚು.

ಈಗ ಧ್ವನಿಯ ವಿಷಯ, ನನಗೆ ನೋವಾದ ವಿಷಯ. ಮನೆಯಲ್ಲಿ ನಾಟಕದ ಹಾಡಿನ ಒಂದು 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ತಟ್ಟೆ ಇತ್ತು. ತಾತ ಅದರಲ್ಲಿ ಪೆಟ್ಟಿಗೆ ನುಡಿಸಿದ್ದಾರೆ ಅಂತ ಅಮ್ಮನ ನಂಬಿಕೆ. ಹಳೇ ಕ್ಯಾಸೆಟ್, ತಟ್ಟೆಗಳನ್ನು ಡಿಜಿಟಲ್ ಮಾಡಿಕೊಡುವ ಒಂದು ಅಂಗಡಿಗೆ ಕೊಟ್ಟೆ. ಎಂಟು ನೂರು ರೂಪಾಯಿ. ಅವರು ಎಲ್‌ಪಿ ತಟ್ಟೆಯ ಸೂಕ್ಷ್ಮ ಮುಳ್ಳಿನಲ್ಲೇ 78ನ್ನೂ ನುಡಿಸಿದ್ದರು. 78ರ ಗೀರು ಅಗಲವಾದದ್ದು, ಅದಕ್ಕೆ ದಪ್ಪ ಮುಳ್ಳು ಬೇಕು. ಸಣ್ಣ ಮುಳ್ಳು ಗೀರಿನ ತಳದಲ್ಲಿ ಧೂಳು ಕೆರೆಯುತ್ತಾ ಓಡುತ್ತದೆ. ಬಂದ ಫೈಲಿನಲ್ಲಿ ಹಾಡಿಗಿಂತ ಸೀಳು ಶಬ್ದವೇ ಹೆಚ್ಚು. ಅದೂ ಹೋಗಲಿ, ತಟ್ಟೆಯ ಅಂಚಿನಿಂದ ಎರಡು ಬೆರಳಷ್ಟು ಉದ್ದದ ಬಿರುಕು ಬಿಟ್ಟು ವಾಪಸ್ಸು ಕೊಟ್ಟರು. "ಮೊದಲೇ ಇತ್ತು ಮೇಡಂ" ಅಂದರು. ಇರಲಿಲ್ಲ. ಕೊಡುವ ಮುಂಚೆ ನಾನು ಫೋಟೋ ತೆಗೆದಿಟ್ಟಿದ್ದೆ. ತೋರಿಸಿದ್ದಕ್ಕೆ ದುಡ್ಡು ವಾಪಸ್ಸು ಬಂತು, ತಟ್ಟೆ ಬರಲಿಲ್ಲ.

ಸರಿಯಾಗಿ ಮಾಡಿದರೆ ಹೇಗಿರುತ್ತದೆ ಅನ್ನುವುದನ್ನು ಇಂಟರ್ನೆಟ್ ಆರ್ಕೈವ್‌ನ "ಗ್ರೇಟ್ 78 ಪ್ರಾಜೆಕ್ಟ್"ನಲ್ಲಿ ಕೇಳಿದೆ. ಅಲ್ಲಿ ಎಷ್ಟೋ ತಟ್ಟೆಗಳನ್ನು ಒಂದೇ ಸಲಕ್ಕೆ ಬೇರೆ ಬೇರೆ ಗಾತ್ರದ ನಾಲ್ಕು ಮುಳ್ಳುಗಳಿಂದ ಮುದ್ರಿಸಿ, ನಾಲ್ಕನ್ನೂ ಇಟ್ಟಿದ್ದಾರೆ. ಯಾವ ಮುಳ್ಳಿಗೆ ಗೀರಿನ ಸವೆಯದ ಭಾಗ ಸಿಕ್ಕಿದೆಯೋ ಅದು ಸ್ವಚ್ಛವಾಗಿ ಕೇಳುತ್ತದೆ. ಒಂದೇ ಹಾಡನ್ನು ನಾಲ್ಕೂ ಮುಳ್ಳಲ್ಲಿ ಹೆಡ್‌ಫೋನ್ ಹಾಕಿ ಕೇಳಿ ನೋಡಿ, ಎರಡನೆಯದರಲ್ಲಿ ಇಲ್ಲದ ಉಸಿರು ಮೂರನೆಯದರಲ್ಲಿ ಬರುತ್ತದೆ. ನಿಮ್ಮ ಮನೆಯ ತಟ್ಟೆಯನ್ನು ಯಾರಿಗಾದರೂ ಕೊಡುವುದಾದರೆ "78ರ ಮುಳ್ಳು ಇದೆಯೇ, ತೋರಿಸಿ" ಅಂತ ಮೊದಲು ಕೇಳಿ. ತೋರಿಸದಿದ್ದರೆ ತಟ್ಟೆ ಎತ್ತಿಕೊಂಡು ವಾಪಸ್ಸು ಬನ್ನಿ.

ಆಕಾಶವಾಣಿ, ದೂರದರ್ಶನಗಳ ಹಳೇ ಧ್ವನಿ, ದೃಶ್ಯ ಸ್ವಲ್ಪ ಮಟ್ಟಿಗೆ ಪ್ರಸಾರ ಭಾರತಿ ಆರ್ಕೈವ್ಸ್‌ನ ಯೂಟ್ಯೂಬ್ ಚಾನೆಲ್‌ನಲ್ಲಿ ಸಿಗುತ್ತದೆ. ಹಿಂದೂಸ್ತಾನಿ, ಕರ್ನಾಟಕ ಸಂಗೀತದ ದೊಡ್ಡವರ ಮುದ್ರಣಗಳಿಗೆ ಅದು ಒಳ್ಳೆಯ ಜಾಗ. ಐವತ್ತರ ದಶಕದ ಕನ್ನಡ ರಂಗಗೀತೆ ಹುಡುಕಿದ ನನಗೆ ಅಲ್ಲಿ ಏನೂ ದಕ್ಕಲಿಲ್ಲ. ಆ ಕಾಲದ ಕಾರ್ಯಕ್ರಮಗಳು ಹೆಚ್ಚಾಗಿ ನೇರ ಪ್ರಸಾರ, ಹಾಡಿ ಮುಗಿಸಿದರೆ ಮುಗಿಯಿತು. ಮುಂದೆ ಟೇಪ್ ಬಂದ ಮೇಲೂ ಅದು ದುಬಾರಿ ವಸ್ತು, ಅಳಿಸಿ ಅದರ ಮೇಲೇ ಮತ್ತೊಂದನ್ನು ಮುದ್ರಿಸುತ್ತಿದ್ದರು ಅಂತ ನಿವೃತ್ತ ಇಂಜಿನಿಯರ್ ಒಬ್ಬರು ನನಗೆ ವಿವರಿಸಿದರು. ಅವರ ದನಿಯಲ್ಲೂ ಬೇಸರವಿತ್ತು.

ಇನ್ನೊಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಇದೆಯಲ್ಲ, ನಾಳೆ ನೋಡಿದರಾಯಿತು ಅಂತ ಬಿಡಬೇಡಿ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿಯಾಗಿ ಅವರ ಧ್ವನಿ ಸಂಗ್ರಹ ಬಹುಕಾಲ ಕೈಗೆ ಸಿಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಕೂಡ ದಾಳಿಗೆ ಸಿಕ್ಕಿ ದಿನಗಟ್ಟಲೆ ಮುಚ್ಚಿತ್ತು. ಬೇಕಾದ ಪುಟ ಸಿಕ್ಕ ತಕ್ಷಣ ಇಳಿಸಿಕೊಳ್ಳಿ. ಸಂಚಿಕೆಯ ದಿನಾಂಕ, ಪುಟ ಸಂಖ್ಯೆ, ಯಾವ ತಾಣ ಅನ್ನುವುದನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ.

ನನಗೆ ಸಿಕ್ಕಿದ್ದು ಹದಿಮೂರನೇ ತಿಂಗಳಲ್ಲಿ, ಒಂದು ಭಾನುವಾರ ಬೆಳಗ್ಗೆ. 1952ರ ಸಂಚಿಕೆ, ಮೈಸೂರು ನಿಲಯದ ಕಂಬ, ಸಂಜೆಯ ಭಾಗ. ಗಂಟೆ 7.45. ಎಡಕ್ಕೆ ಸಮಯ, ಪಕ್ಕದಲ್ಲಿ "ಕನ್ನಡ ಸ್ಟೇಜ್ ಸಾಂಗ್ಸ್", ಅದರ ಕೆಳಗೆ ತಾತನ ಊರಿನ ಮೊದಲಕ್ಷರ, ಚುಕ್ಕೆ, ಹೆಸರಿನ ಅರ್ಧ, ಒಂದು ಅಡ್ಡಗೆರೆ. ಉಳಿದ ಅರ್ಧ ಮುಂದಿನ ಸಾಲಿನಲ್ಲಿ. ಯಂತ್ರ ಮೊದಲರ್ಧದ "ಎನ್" ಅಕ್ಷರವನ್ನು "ಐ" ಮತ್ತು "ವಿ" ಅಂತ ಎರಡಾಗಿ ಓದಿತ್ತು. ಹನ್ನೊಂದು ಕಾಗುಣಿತದಲ್ಲಿ ಅದು ಇರಲಿಲ್ಲ. ವಾದ್ಯದ ಹೆಸರು ಇಲ್ಲ, ಪಕ್ಕವಾದ್ಯಕ್ಕೆ ಒಂದು ಪಿಟೀಲು, ಒಂದು ತಬಲಾ. ತಾತ ನುಡಿಸಿರಲಿಲ್ಲ, ಹಾಡಿದ್ದರು.

ಪುಟವನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಬೆರಳಿಟ್ಟು, ಮುರಿದ ಎರಡು ಸಾಲನ್ನೂ ಸೇರಿಸಿ ಓದಿದಳು. ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು: "ಅದಕ್ಕೇ ಆ ವಾರವೆಲ್ಲ ಬಿಸಿನೀರಲ್ಲಿ ಉಪ್ಪು ಹಾಕಿ ಮುಕ್ಕಳಿಸ್ತಿದ್ರು ಕಣೇ. ನಾನು ನೆಗಡಿ ಅಂದ್ಕೊಂಡಿದ್ದೆ." ಸೋದರಮಾವನಿಗೆ ಫೋನಿನಲ್ಲಿ ಪುಟದ ಚಿತ್ರ ಕಳಿಸಿದೆ. ಅವರು ಅವತ್ತೇ ಸಂಜೆ ಬಸ್ಸು ಹತ್ತಿ ಬಂದು, ಆ ಪುಟವನ್ನು ಎರಡು ಸಲ ಓದಿ, ಅಮ್ಮನ ಎದುರು ಕೂತು, "ಅಕ್ಕಾ, ನನ್ನದು ತಪ್ಪಾಯ್ತು" ಅಂದರು.

ನಾನು ಓದಿದ ಪ್ರತಿಯಲ್ಲಿ ಆ ಕಂಬದ ಒಳ ಅಂಚು ರಟ್ಟು ಕಟ್ಟುವಾಗ ಹೊಲಿಗೆಗೆ ಸಿಕ್ಕಿ ಮುಚ್ಚಿಹೋಗಿದೆ. ಪಿಟೀಲು ನುಡಿಸಿದವರ ಹೆಸರಿನ ಕೊನೆಯ ನಾಲ್ಕೈದು ಅಕ್ಷರ ಅದರೊಳಗಿವೆ. ಅವರ ಮನೆಯವರೂ ಎಲ್ಲೋ ಇರುತ್ತಾರೆ, ಅವರ ಮನೆಯಲ್ಲೂ ಇಂಥದೇ ಒಂದು ಮಾತು ನಡೆದುಬಂದಿರಬಹುದು. 1952ರ ಇಂಡಿಯನ್ ಲಿಸನರ್ ಸಂಚಿಕೆಗಳು ನಿಮ್ಮ ಮನೆಯ ಅಟ್ಟದಲ್ಲೋ, ಊರಿನ ಗ್ರಂಥಾಲಯದಲ್ಲೋ ಇದ್ದರೆ, ಮೈಸೂರು ನಿಲಯದ ಕಂಬವಿರುವ ಪುಟಗಳನ್ನು ಹೊಲಿಗೆಯವರೆಗೆ ಬಿಡಿಸಿ ಒಂದು ಫೋಟೋ ತೆಗೆಯಿರಿ. ಫೋನಿನಲ್ಲಿ ತೆಗೆದರೂ ಸಾಕು, ಬೆಳಕು ಪಕ್ಕದಿಂದ ಬೀಳಲಿ.